ಮೊಳಕೆ ಹಿಟ್ಟಿಗೆ ನೀರು ಎಷ್ಟು ಬಿಸಿ ಇರಬೇಕು?



ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಮಕ್ಕಳಿಗೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಅದರ ಒಂದು ಮುಖ್ಯ ಗುಣ ಅಲ್ಲಿಯೇ ಸತ್ತುಹೋಗುತ್ತದೆ ಎಂದು ಹೇಳುವವರು ಕಡಿಮೆ. ನೀರಿನ ಬಿಸಿಯನ್ನು ಲೆಕ್ಕ ಹಾಕುವುದು ಹೇಗೆಂದು ಇಲ್ಲಿ ನೋಡೋಣ.

ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಕಾಳಿನಲ್ಲಿ ಕೂಡಿಟ್ಟ ಪಿಷ್ಟವನ್ನು ಕತ್ತರಿಸಿ, ಸಕ್ಕರೆಯಾಗಿಸಿ, ಎಳೆ ಸಸಿಗೆ ಉಣಿಸುವುದು ಅದರ ಕೆಲಸ. ನಮ್ಮ ಪಾತ್ರೆಯಲ್ಲೂ ಅದು ಇದೇ ಕೆಲಸ ಮಾಡುತ್ತದೆ. ಗಟ್ಟಿ ಗಂಜಿ ಸ್ವಲ್ಪ ಹೊತ್ತಿನಲ್ಲಿ ತೆಳ್ಳಗಾಗುತ್ತದೆ. 60ರಿಂದ 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅದು ಚುರುಕು. 80 ದಾಟಿದರೆ ಬೇಗ ಕೆಡುತ್ತದೆ.

ತೆಳ್ಳಗಾದರೆ ಏನು ಲಾಭ ಎಂದು ನೀವು ಕೇಳಬಹುದು. ಆರು ತಿಂಗಳು ದಾಟಿದ ಕೂಸಿಗೆ ತಾಯಿಯ ಹಾಲಿನ ಜೊತೆ ಗಂಜಿಯೂ ಬೇಕು. ಗಂಜಿ ಗಟ್ಟಿಯಾದರೆ ಕೂಸು ನುಂಗದು. ನೀರು ಹೆಚ್ಚಿಸಿದರೆ ಹೊಟ್ಟೆ ನೀರಿನಿಂದ ತುಂಬುತ್ತದೆ, ಮೈಗೆ ಹತ್ತುವುದು ಕಡಿಮೆ. ಮೊಳಕೆ ಹಿಟ್ಟು ಬಳಸಿದರೆ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿಯೂ ಗಂಜಿ ತೆಳ್ಳಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ರಾಗಿ, ಹೆಸರುಕಾಳುಗಳಿಂದ ಇಂಥ ಶಿಶು ಆಹಾರವನ್ನು ರೂಪಿಸಿದ್ದರು.

ಈ ಶಾಖದ ಲೆಕ್ಕವನ್ನು ದಿನವೂ ಹಾಕುವವರು ಬೀರು ತಯಾರಿಸುವವರು. ಅವರು ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿಡುತ್ತಾರೆ. ಕಲಸಿದ ಮೇಲೆ 65 ಡಿಗ್ರಿ ಇರಬೇಕೆಂದರೆ ನೀರು ಅದಕ್ಕಿಂತ ಹೆಚ್ಚು ಬಿಸಿ ಇರಬೇಕು, ಏಕೆಂದರೆ ತಣ್ಣಗಿನ ನುಚ್ಚು ಒಂದಿಷ್ಟು ಶಾಖ ಹೀರುತ್ತದೆ. ಶಾಖ ಹೀರುವುದರಲ್ಲಿ ಒಂದು ಕಿಲೋ ಒಣ ನುಚ್ಚು ಸುಮಾರು 0.4 ಲೀಟರ್ ನೀರಿಗೆ ಸಮ. ಇದು ಜಮಾ-ಖರ್ಚಿನ ಲೆಕ್ಕ: ನುಚ್ಚು ಪಡೆದಷ್ಟನ್ನು ನೀರು ಕಳೆದುಕೊಳ್ಳಬೇಕು.

ಒಂದು ಕಿಲೋ ನುಚ್ಚು, ಮೂರು ಲೀಟರ್ ನೀರು ಎಂದುಕೊಳ್ಳಿ. ನುಚ್ಚು 30 ಡಿಗ್ರಿ ಇದ್ದರೆ ಅದು ಏರಬೇಕಾದದ್ದು 35 ಡಿಗ್ರಿ. 35ನ್ನು 0.4ರಿಂದ ಗುಣಿಸಿದರೆ 14. ಅದನ್ನು ಮೂರು ಲೀಟರಿಗೆ ಹಂಚಿದರೆ 4.7. ಇದನ್ನು 65ಕ್ಕೆ ಕೂಡಿಸಿದರೆ ನೀರು ಸುಮಾರು 70 ಡಿಗ್ರಿ ಇರಬೇಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನುಚ್ಚೇ 40 ಡಿಗ್ರಿ ಇದ್ದರೆ 68 ಸಾಕು; ಚಳಿಗಾಲದ ಮುಂಜಾವಿನಲ್ಲಿ 15 ಇದ್ದರೆ 72 ಬೇಕು. ಪಾತ್ರೆ ಹೀರುವ ಶಾಖ ಬೇರೆ. ಅದಕ್ಕೇ ಅವರು ಪಾತ್ರೆಯನ್ನು ಮೊದಲೇ ಬಿಸಿ ಮಾಡಿಕೊಳ್ಳುತ್ತಾರೆ. ಪರವಾನಗಿ ಇಲ್ಲದೆ ಬೀರು ತಯಾರಿಸುವುದು ಅಪರಾಧ. ನಮಗೆ ಬೇಕಾದದ್ದು ಲೆಕ್ಕ ಮಾತ್ರ.

ಈಗ ನಮ್ಮ ಅಡುಗೆಮನೆಗೆ ಬರೋಣ. ಜ್ವರದ ಥರ್ಮಾಮೀಟರನ್ನು ಬಿಸಿನೀರಿಗೆ ಅದ್ದಬೇಡಿ, ಅದರ ಅಳತೆ 42 ಡಿಗ್ರಿಗೆ ಮುಗಿಯುತ್ತದೆ. ಅದಿಲ್ಲದೆಯೂ ಆಗುತ್ತದೆ. ಕುದಿಯುವ ಗಂಜಿ ಸುಮಾರು 100 ಡಿಗ್ರಿ, ಕೊಡದ ನೀರು ಸುಮಾರು 30. ಎರಡನ್ನೂ ಸಮನಾಗಿ ಬೆರೆಸಿದರೆ 130ರಲ್ಲಿ ಅರ್ಧ, ಅಂದರೆ 65. ಬೇಕಾದ ಶಾಖ ಅದೇ.

ಸಾದಾ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ಶುದ್ಧವಾದ ತಣ್ಣೀರಿಗೆ ಒಂದು ಸಣ್ಣ ಚಮಚ ಮೊಳಕೆ ಹಿಟ್ಟು ಕದಡಿ. ಕುದಿಯುವ ಗಂಜಿ ಒಂದು ಲೋಟದಷ್ಟನ್ನು ಆ ತಣ್ಣೀರಿಗೆ ಹಾಕುತ್ತಾ ತಿರುವಿ. ತಣ್ಣಗಿನದನ್ನು ಬಿಸಿಗೆ ಹಾಕಿದರೆ ಮೊದಲು ಬಿದ್ದ ಕಿಣ್ವವೆಲ್ಲ ಬೆಂದುಹೋಗುತ್ತದೆ. ಆದ್ದರಿಂದ ಬಿಸಿಯನ್ನೇ ತಣ್ಣಗಿನದಕ್ಕೆ ಹಾಕಬೇಕು. ಹತ್ತು ನಿಮಿಷ ಮುಚ್ಚಿಡಿ. ತೆಳ್ಳಗಾದ ಮೇಲೆ ಮತ್ತೆ ಐದು ನಿಮಿಷ ಚೆನ್ನಾಗಿ ಕುದಿಸಿ, ಏಕೆಂದರೆ ಹಸಿ ಹಿಟ್ಟು ಕೂಸಿಗೆ ಬೇಡ. ಕಿಣ್ವದ ಕೆಲಸ ಆಗಲೇ ಮುಗಿದಿರುತ್ತದೆ. ಆರಿಸಿ, ಆಗಲೇ ಉಣಿಸಿ.

ಎರಡು ಎಚ್ಚರಿಕೆಗಳು. ಘಮ ಬರಲೆಂದು ಮೊಳಕೆ ರಾಗಿಯನ್ನು ಚೆನ್ನಾಗಿ ಹುರಿದರೆ ಕಿಣ್ವ ಉಳಿಯುವುದಿಲ್ಲ. ಈ ಕೆಲಸಕ್ಕೆ ಬಿಸಿಲಲ್ಲಿ ಒಣಗಿಸಿ, ಬೇರು ಮೊಳಕೆಗಳನ್ನು ಉಜ್ಜಿ ತೆಗೆದು, ಬೀಸಿಕೊಂಡರೆ ಸಾಕು. ಹಿಟ್ಟಿನ ಡಬ್ಬಿಗೆ ತೇವ ತಾಗಬಾರದು.

ಎರಡನೆಯದು ಇನ್ನೂ ಮುಖ್ಯ. ಗುಂಡುಮಾಲ್, ಮಖ್ತಲ್ ಸುತ್ತಿನ ನಮ್ಮ ಮನೆಗಳಲ್ಲಿ ಜೋಳವೇ ಹೆಚ್ಚು. ಅದನ್ನೇ ಮೊಳಕೆ ಕಟ್ಟೋಣ ಎನಿಸಬಹುದು. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ರೈತರಿಗೆ ಗೊತ್ತು. ಸಯನೈಡ್ ವಿಷ ಬಿಡುವ ಆ ಅಂಶ ಜೋಳದ ಎಳೆ ಮೊಳಕೆಯಲ್ಲೂ ಇರುತ್ತದೆ. ಕೂಸಿನ ಗಂಜಿಗೆ ಜೋಳದ ಮೊಳಕೆ ಬೇಡ. ತೆಲುಗಿನಲ್ಲಿ ತೈದಲು ಎನ್ನುವ ರಾಗಿಯನ್ನೇ ತನ್ನಿ. ಒಂದು ಪಾವು ಮೊಳಕೆ ಕಟ್ಟಿದರೆ ಚಮಚದ ಲೆಕ್ಕದಲ್ಲಿ ಬಹಳ ದಿನ ಬರುತ್ತದೆ.