ಗೋಗಿಯ ನೀರು, ಅಡುಗೆಮನೆಯ ಮದ್ದು

ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹನ ಸಮಾಧಿ ಇರುವುದು ಬಿಜಾಪುರದಲ್ಲಲ್ಲ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಮಗ್ಗುಲಲ್ಲಿ. ಊರಿನ ಗುರುತೇ ಅದಾಗಿತ್ತು. 1990ರ ದಶಕದಲ್ಲಿ ಅಣು ಖನಿಜ ನಿರ್ದೇಶನಾಲಯದವರು ಇಲ್ಲಿನ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟನ್ನು ಕೊರೆದು ನೋಡಿದರು. ಅಲ್ಲಿಂದ ಗೋಗಿ ಎಂದರೆ ಯುರೇನಿಯಂ ಎಂದಾಯಿತು. ಗಣಿ ಬೇಡವೆಂದು ಊರವರು ಬೀದಿಗಿಳಿದದ್ದೂ ಆಯಿತು.

ಗಣಿಯ ಜಗಳದಲ್ಲಿ ಹಿಂದೆ ಸರಿದ ಮಾತೊಂದಿದೆ. ಅದಿರು ತೆಗೆಯಲಿ ಬಿಡಲಿ, ಯುರೇನಿಯಂ ಇರುವ ಬಂಡೆಯ ಸಂದಿಯಲ್ಲೇ ಅಂತರ್ಜಲ ಹರಿಯುತ್ತದೆ. ಸುಣ್ಣಕಲ್ಲಿನ ನಾಡಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಅದರ ಜೊತೆ ಸೇರಿದ ಯುರೇನಿಯಂ ಕರಗಿಯೇ ಉಳಿಯುತ್ತದೆ. ಕುಡಿದವರ ಮೂತ್ರಪಿಂಡಕ್ಕೆ ಅದು ಮೊದಲ ಪೆಟ್ಟು ಕೊಡುತ್ತದೆ. ಹಾಗಾದರೆ ಹೊಟ್ಟೆಯಲ್ಲೇ ಅದನ್ನು ಹಿಡಿದು ಹೊರಹಾಕುವ ಸೊಪ್ಪೋ ಕಾಯೋ ಇಲ್ಲವೇ? ಈ ಪ್ರಶ್ನೆ ಹಳೆಯದು. ಉತ್ತರದ ಮೊದಲ ಎಳೆ ಸಿಕ್ಕಿದ್ದು ರೊಟ್ಟಿಯಂಥದ್ದೇ ಒಂದು ಆಹಾರದಲ್ಲಿ.

ಎರಡನೇ ಮಹಾಯುದ್ಧದ ಕಾಲ. ಕೇಂಬ್ರಿಜ್‌ನಲ್ಲಿ ಮೆಕ್ಯಾನ್ಸ್ ಮತ್ತು ವಿಡೋಸನ್ ಎಂಬ ಇಬ್ಬರು ವಿಜ್ಞಾನಿಗಳು ಹೊಟ್ಟು ತೆಗೆಯದ ಹಿಟ್ಟಿನ ಬ್ರೆಡ್ ತಿಂದವರ ಮಲಮೂತ್ರ ಅಳೆದರು. ಬಿಳಿ ಬ್ರೆಡ್ ತಿಂದಾಗ ಮೈಗೆ ಹತ್ತುತ್ತಿದ್ದಷ್ಟು ಕ್ಯಾಲ್ಸಿಯಂ ಇದರಲ್ಲಿ ಹತ್ತಲಿಲ್ಲ. ಕಾರಣ, ಹೊಟ್ಟಿನಲ್ಲಿರುವ ಫೈಟೇಟ್. ಅದು ಕರುಳಿನಲ್ಲಿ ಲೋಹವನ್ನು ಹಿಡಿದು ಕರಗದ ಗಸಿಯಾಗಿಸಿ ಹೊರಗೆ ಸಾಗಿಸುತ್ತದೆ. ಬ್ರಿಟನ್ ಸರ್ಕಾರ ಹಿಟ್ಟಿಗೆ ಸೀಮೆಸುಣ್ಣ ಬೆರೆಸಿ ಆ ಕೊರತೆ ತುಂಬಿತು. ಪೌಷ್ಟಿಕತೆಯ ಲೆಕ್ಕದಲ್ಲಿ ದೋಷವಾದದ್ದು ವಿಷದ ಲೆಕ್ಕದಲ್ಲಿ ಗುಣವಾಗಬಹುದಲ್ಲವೇ? 1964ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸ್ಕೊರಿನಾ ತಂಡ, ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಸ್ಟ್ರಾಂಷಿಯಂ ಕರುಳಿನಿಂದ ರಕ್ತಕ್ಕೆ ಇಳಿಯುವುದನ್ನು ತಡೆಯುತ್ತದೆಂದು ತೋರಿಸಿತು. ಅಣುಬಾಂಬ್ ಪರೀಕ್ಷೆಗಳ ಬೂದಿಯ ಸ್ಟ್ರಾಂಷಿಯಂ ಹಾಲಿಗೆ ಸೇರುತ್ತಿದ್ದ ದಿನಗಳವು.

ನಮ್ಮ ಕಡೆ ಇದೇ ಹುಡುಕಾಟ ಹುಣಸೆಹಣ್ಣಿಗೆ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು ಮಧ್ಯಾಹ್ನದ ಊಟದ ಜೊತೆ 18 ದಿನ ಕೊಟ್ಟು, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂತ್ರದಲ್ಲಿ ಹೊರಬೀಳುವ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಂನಿಂದ 4.8ಕ್ಕೆ ಏರಿತ್ತು. ಫ್ಲೋರೈಡ್ ಭಾರಲೋಹವಲ್ಲ, ಇಲ್ಲಿ ಪರಿಣಾಮ ಕರುಳಿನಲ್ಲೂ ಅಲ್ಲ, ಮೈ ಸೇರಿದ್ದು ಹೊರಗೆ ಹೋಗುವ ದಾರಿಯಲ್ಲಿ. ಆದರೂ ಬಡವರ ಅಡುಗೆಮನೆಯ ಪದಾರ್ಥವೊಂದನ್ನು ಅಳೆದು ತೂಗಿ ನೋಡಿದ ಈ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೆ ಹುಣಸೆಗೆ ಇನ್ನೊಂದು ಗುಣವೂ ಉಂಟು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಸಾರು ಕುದಿಸಬಾರದೆಂದು ಅಜ್ಜಿಯಂದಿರು ಗದರುತ್ತಿದ್ದರು. ಹುಳಿ ತಾಮ್ರವನ್ನು ಕರಗಿಸಿ ಸಾರಿಗೆ ಇಳಿಸುತ್ತದೆ, ನಾಲಿಗೆಗೆ ಕಿಲುಬಿನ ರುಚಿ ಹತ್ತುತ್ತದೆ. ಹುಳಿ ಲೋಹವನ್ನು ಹಿಡಿಯುವುದೇನೋ ನಿಜ, ಆದರೆ ಕರಗಿದ ರೂಪದಲ್ಲಿ. ಕರಗಿದ್ದು ರಕ್ತಕ್ಕೂ ಸುಲಭವಾಗಿ ಇಳಿಯಬಹುದು. ನಿಂಬೆಯ ಸಿಟ್ರೇಟ್ ಅಲ್ಯೂಮಿನಿಯಂ ಹೀರಿಕೆಯನ್ನು ಹೆಚ್ಚಿಸುತ್ತದೆ ಎನ್ನುವುದು ಸಾಬೀತಾದ ಸಂಗತಿ. ‘ಲೋಹ ಹಿಡಿಯುವ ಗಿಡ’ ಎಂದು ಪುಡಿ ಮಾರುವವರು ಈ ಭೇದವನ್ನು ಹೇಳುವುದಿಲ್ಲ.

ಹಿಡಿಯುವ ಪದಾರ್ಥಕ್ಕೆ ಒಳ್ಳೆಯದು ಕೆಟ್ಟದ್ದರ ಪರಿವೆಯೂ ಇಲ್ಲ. ಜೋಳದ ಹೊಟ್ಟಿನ ಫೈಟೇಟ್, ಚಹಾದ ಟ್ಯಾನಿನ್ ಎರಡೂ ಮೊದಲು ಬಾಚಿಕೊಳ್ಳುವುದು ನಮ್ಮ ಕಬ್ಬಿಣಾಂಶವನ್ನೇ. ಕಬ್ಬಿಣ ಕಡಿಮೆಯಾದ ಕರುಳು ಸೀಸ, ಕ್ಯಾಡ್ಮಿಯಂಗಳನ್ನು ಇನ್ನಷ್ಟು ಹೀರುತ್ತದೆ. ಮನೆಮನೆಯಲ್ಲೂ ರಕ್ತಹೀನತೆಯ ಹೆಣ್ಣುಮಕ್ಕಳಿರುವ ಯಾದಗಿರಿಯಂಥ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಪಕ್ಕದ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ಇನ್ನೂ ಕಠಿಣ. ಅಲ್ಲಿನ ಮಂಗಳೂರು (ಕರಾವಳಿಯದಲ್ಲ) ಎಂಬಲ್ಲಿಯ ಹಳೆಯ ಚಿನ್ನದ ಗಣಿಯ ಸುತ್ತಲಿನ ಶಿಲೆಯಿಂದ ಆರ್ಸೆನಿಕ್ ಕೊಳವೆಬಾವಿಗೆ ಇಳಿದಿತ್ತು. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿಯವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ತಾಂಡಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ಅದರ ಗುರುತು ಮೂಡಿತ್ತು. ಕುಡಿದ ಯುರೇನಿಯಂನಲ್ಲಿ ನೂರಕ್ಕೆ ಒಂದೆರಡು ಪಾಲು ರಕ್ತ ಸೇರಿದರೆ, ನೀರಿನ ಆರ್ಸೆನಿಕ್ ಬಹುಪಾಲು ಸೇರಿಬಿಡುತ್ತದೆ. ಅದರ ವಿದ್ಯುದಂಶವೂ ಬೇರೆ. ಸೀಸ, ಕ್ಯಾಡ್ಮಿಯಂಗಳನ್ನು ಹಿಡಿಯುವ ಫೈಟೇಟ್ ಅದನ್ನು ಹಿಡಿಯದು. ಆರ್ಸೆನಿಕ್ ವಿಷಯದಲ್ಲಿ ನೆರವಾದದ್ದು ಇನ್ನೊಂದು ದಾರಿ: ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆಯಿದ್ದವರಿಗೆ 12 ವಾರ ಫೋಲಿಕ್ ಆಮ್ಲ ಕೊಟ್ಟಾಗ ರಕ್ತದ ಆರ್ಸೆನಿಕ್ ಸುಮಾರು 14 ಪ್ರತಿಶತ ಇಳಿಯಿತೆಂದು 2007ರಲ್ಲಿ ವರದಿಯಾಯಿತು. ಹಸಿರು ಸೊಪ್ಪು, ಬೇಳೆಯಲ್ಲಿ ಇರುವುದೂ ಅದೇ ಫೋಲೇಟ್.

14 ಪ್ರತಿಶತ ಇಳಿದರೆ 86 ಉಳಿಯಿತು. ಆದ್ದರಿಂದ ಪುಂಡಿಪಲ್ಯ, ತೊಗರಿಬೇಳೆ ತಟ್ಟೆಯಲ್ಲಿ ಧಾರಾಳವಾಗಿರಲಿ, ಚಹಾ ಊಟದ ಜೊತೆ ಬೇಡ, ಕಷಾಯದ ಪುಡಿಗೆ ದುಡ್ಡು ಸುರಿಯುವುದಂತೂ ಬೇಡವೇ ಬೇಡ. ನೀರು ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಇಂಗಿದಷ್ಟು ಗಟ್ಟಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಯುರೇನಿಯಂ 30 ಮೈಕ್ರೊಗ್ರಾಂ, ಆರ್ಸೆನಿಕ್ 10. ನಿಮ್ಮ ಓಣಿಯ ಕೊಳವೆಬಾವಿ ಇದರೊಳಗಿದೆಯೇ ಎಂದು ಗ್ರಾಮ ಪಂಚಾಯಿತಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.