ಕಿಮುರಾ ಪಟ್ಟು

ಕುಸ್ತಿ, ಮುಷ್ಟಿಯುದ್ಧ, ಜೂಡೋ ಮೊದಲಾದವು ಬೆರೆತ ಮಿಶ್ರ ಸಮರಕಲೆಯ ಅಭಿಮಾನಿಗಳು ಕೂಡಿದೆಡೆಯಲ್ಲಿ, ಆ ಕಲೆ ಹುಟ್ಟುವ ಮೊದಲಿನ ಒಂದು ಕಾಳಗದ ಮಾತು ಬಾರದಿರುವುದು ಅಪರೂಪ. 1951ರ ಅಕ್ಟೋಬರಿನಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದ ಮಾರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ವೀರ ಮಸಾಹಿಕೊ ಕಿಮುರಾನೂ ಬ್ರೆಜಿಲಿನ ಹೇಲಿಯೊ ಗ್ರೇಸಿಯೂ ಎದುರಾದರು. ಗ್ರೇಸಿ ಕೃಶಕಾಯನು, ಕಿಮುರಾ ಅವನಿಗಿಂತ ಬಹಳ ತೂಕದವನು.

ಎರಡನೆಯ ಸುತ್ತಿನಲ್ಲಿ ಕಿಮುರಾ ಒಂದು ಕೈಯಿಂದ ಎದುರಾಳಿಯ ಮಣಿಕಟ್ಟನ್ನು ಹಿಡಿದು, ಇನ್ನೊಂದನ್ನು ಅವನ ತೋಳಿನ ಸುತ್ತ ಬಳಸಿ, ತನ್ನ ಮಣಿಕಟ್ಟನ್ನೇ ಬಿಗಿಹಿಡಿದನು. ವಿದ್ಯಾರ್ಥಿಗಳೇ, ಹೀಗೆ ಹಿಡಿದಾಗ ಮೊಣಕೈ ಮಡಿಚಿದ ಆ ತೋಳೇ ಸನ್ನೆಗೋಲಾಗುತ್ತದೆ. ಅದನ್ನು ಬೆನ್ನಿನತ್ತ ತಿರುಚಿದೊಡನೆ ಬಲವೆಲ್ಲ ಭುಜದ ಕೀಲಿನ ಮೇಲೆ ಬೀಳುತ್ತದೆ. ಆ ಕೀಲು ಅತ್ತ ಹೆಚ್ಚು ತಿರುಗಲಾರದು. ಕೈತಟ್ಟಿದರೆ ಸೋಲೊಪ್ಪಿದಂತೆ. ಗ್ರೇಸಿ ತಟ್ಟಲಿಲ್ಲ. ಅವನ ಅಣ್ಣ ಕಾರ್ಲೋಸನೇ ಕಾಳಗವನ್ನು ನಿಲ್ಲಿಸಿದನು.

ಅದು ಶೌರ್ಯವೋ ಬರಿಯ ಹಟವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ನನ್ನ ಮಟ್ಟಿಗೆ ವಿವೇಕವಿದ್ದುದು ಅಣ್ಣನಲ್ಲಿ. ಮುರಿದ ಮೂಳೆಯನ್ನು ನೋಟಕರ ಚಪ್ಪಾಳೆ ಕೂಡಿಸಲಾರದು. ಸೋತವರ ಗೌರವಬುದ್ಧಿಯನ್ನಂತೂ ಮೆಚ್ಚಬೇಕು. ಜೂಡೋದವರು 'ಉದೆ ಗರಾಮಿ' ಎನ್ನುವ ಆ ಪಟ್ಟಿಗೆ ಬ್ರೆಜಿಲಿನವರು ಗೆದ್ದವನ ಹೆಸರನ್ನೇ ಇಟ್ಟರು. 1993ರಲ್ಲಿ ಅಮೆರಿಕೆಯ ಡೆನ್ವರಿನಲ್ಲಿ ನಡೆದ ಮೊದಲ ಯು.ಎಫ್.ಸಿ. ಪಂದ್ಯಾವಳಿಯನ್ನು ಗೆದ್ದ ರಾಯ್ಸ್ ಗ್ರೇಸಿ ಇದೇ ಹೇಲಿಯೊನ ಮಗನು.