ಬರ ಘೋಷಣೆಗೆ ಮೊದಲೇ ರಸಮೇವು

2023ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ವಾಡಿಕೆ ಮಳೆ ಎಂದರೂ, ಮುಂಗಾರನ್ನು ಕುಗ್ಗಿಸುವ ಎಲ್‌ನಿನೊ ಬರಬಹುದೆಂದು ಎಚ್ಚರಿಸಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾಯಿತು. ರಾಜ್ಯದ 195 ತಾಲ್ಲೂಕುಗಳಿಗೆ ಬರ ಘೋಷಣೆಯಾದದ್ದು ಸೆಪ್ಟೆಂಬರ್‌ನಲ್ಲಿ. ಕೊಟ್ಟಿಗೆಯ ಹಸು ಅಲ್ಲಿಯವರೆಗೆ ಕಾಯುತ್ತದೆಯೇ?

ಇಂಥ ಸೂಚನೆ ಬಂದ ವರ್ಷ ಶಿಕಾರಿಪುರದವರು ಮೆಕ್ಕೆಜೋಳದ ಒಂದು ಭಾಗವನ್ನು, ಕಾಳು ಹಾಲುತುಂಬಿ ಗಟ್ಟಿಯಾಗುವಾಗಲೇ ಕಟಾವು ಮಾಡಿ. ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ಗಾಳಿ ಉಳಿಯದಂತೆ ತುಳಿದು ಮುಚ್ಚಿ. ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ಬೂಷ್ಟು ಹಿಡಿದದ್ದನ್ನು ಹಾಕಲೇಬೇಡಿ. ಅಷ್ಟು ಕಾಳಿನ ಹಣ ಕೈತಪ್ಪುವುದು ನಿಜ. ಆದರೆ ಮಳೆ ಚೆನ್ನಾಗಿ ಬಂದರೂ ಮೇವು ಬೇಸಿಗೆಗೆ ಆಗುತ್ತದೆ. ಸೊರಬದವರು ಭತ್ತದ ಹುಲ್ಲು ಮಾರುವ ಮುನ್ನ ಮನೆಯ ದನಗಳಿಗೆ ಬೇಕಾದಷ್ಟು ಬಣವೆ ಒಟ್ಟಿಕೊಳ್ಳಿ. ಕೃಷಿ ಹವಾಮಾನ ವರದಿ ಮಂಗಳವಾರ, ಶುಕ್ರವಾರ ಮೇಘದೂತ್ ಆ್ಯಪ್‌ನಲ್ಲಿ ಸಿಗುತ್ತದೆ.